ಬೈಪ್ಲೇನ್ ಮಾದರಿ: ನಂಬಿಕೆ ಒಂದು, ಲೆಕ್ಕ ಇನ್ನೊಂದು

"ಎರಡು ರೆಕ್ಕೆ ಉಂಟಲ್ಲ ಮಾರಾಯ್ರೇ, ಹಾಗಾದ್ರೆ ಎರಡು ಪಟ್ಟು ಏಳ್ತದೆ?" ಕುಕ್ಕುಂದೂರಿನ ಜೋಡುರಸ್ತೆಯಲ್ಲಿ ಬೈಪ್ಲೇನಿನ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ ಇದು. ಕೇಳುವವರು ಶಾಲೆಯ ಮಕ್ಕಳಾದರೂ ಸರಿ, ಎಂಜಿನಿಯರಿಂಗ್ ಓದಿದವರಾದರೂ ಸರಿ.

ಎರಡು ಪಟ್ಟು ಏಳುವುದಿಲ್ಲ. ಹಾರುವಾಗ ರೆಕ್ಕೆಯ ಮೇಲೆ ಗಾಳಿಯ ಒತ್ತಡ ಕಡಿಮೆ, ಅಡಿಯಲ್ಲಿ ಹೆಚ್ಚು. ಒಂದರ ಮೇಲೊಂದು ರೆಕ್ಕೆ ಇಟ್ಟಾಗ ಮೇಲಿನದರ ಅಡಿಯ ಒತ್ತಡವೂ ಕೆಳಗಿನದರ ಮೇಲಿನ ಒತ್ತಡವೂ ನಡುವಿನ ಸಂದಿಯಲ್ಲಿ ಕಲೆಯುತ್ತವೆ, ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ಅಷ್ಟೇ ವಿಸ್ತೀರ್ಣದ ಒಂದೇ ಉದ್ದ ರೆಕ್ಕೆ ಇದಕ್ಕಿಂತ ಚೆನ್ನಾಗಿ ಎತ್ತುತ್ತದೆ. ಸಾಲದ್ದಕ್ಕೆ ಕಂಬ, ತಂತಿಗಳೆಲ್ಲ ಗಾಳಿಗೆ ಅಡ್ಡ ನಿಂತು ವೇಗ ತಿನ್ನುತ್ತವೆ.

ಹಾಗಿದ್ದರೆ ಎರಡು ಯಾಕೆ? ಗಟ್ಟಿತನಕ್ಕಾಗಿ. ಮರದ ತೆಳು ರೆಕ್ಕೆ ಒಂಟಿಯಾಗಿ ನಿಂತರೆ ಬಾಗುತ್ತದೆ, ತಿರುಚುತ್ತದೆ. ಎರಡನ್ನು ಕಂಬಗಳಿಂದ ಜೋಡಿಸಿ ನಡುವೆ ಕರ್ಣದಂತೆ ತಂತಿ ಬಿಗಿದರೆ ಇಡೀ ರಚನೆ ಒಂದು ಪೆಟ್ಟಿಗೆಯಾಗುತ್ತದೆ. ಅಮೆರಿಕದ ಸಿವಿಲ್ ಎಂಜಿನಿಯರ್ ಆಕ್ಟೇವ್ ಶನೂಟ್ ರೈಲು ಸೇತುವೆಯ ಈ ಲೆಕ್ಕವನ್ನು 1896ರಲ್ಲಿ ತಮ್ಮ ಗ್ಲೈಡರಿಗೆ ತಂದರು. ರೈಟ್ ಸೋದರರು ಅದನ್ನೇ ಹಿಡಿದು 1903ರ ಡಿಸೆಂಬರ್ 17ರಂದು ಹಾರಿದರು. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಆ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಇದೆ. ಮಾದರಿ ಕಟ್ಟುವ ಆಸೆ ಇದ್ದವರು ಮೊದಲು ಅದರ ಮುಂದೆ ಅರ್ಧ ಗಂಟೆ ನಿಂತು ತಂತಿಗಳು ಎಲ್ಲಿಂದ ಎಲ್ಲಿಗೆ ಹೋಗಿವೆ ಎಂದು ನೋಡಬೇಕು. ಪುಸ್ತಕ ಆಮೇಲೆ ಸಾಕು. ಒಂಟಿ ರೆಕ್ಕೆಯ ಮೇಲೆ ರೈಟ್ ಸೋದರರ ಕಾಲಕ್ಕೆ ಎಷ್ಟು ಅಪನಂಬಿಕೆ ಇತ್ತೆಂದರೆ, ಅಪಘಾತಗಳಾದ ಮೇಲೆ 1912ರಲ್ಲಿ ಬ್ರಿಟಿಷ್ ಸೇನೆ ಒಂದು ರೆಕ್ಕೆಯ ವಿಮಾನಗಳ ಹಾರಾಟವನ್ನೇ ಕೆಲಕಾಲ ನಿಲ್ಲಿಸಿತ್ತು.

ತಂತಿಗಳು ಬರೀ ಅಂದಕ್ಕೆ ಎಂಬ ನಂಬಿಕೆ ಹುಟ್ಟುವುದು ಈ ಗಟ್ಟಿತನದ ಲೆಕ್ಕ ತಿಳಿಯದೆ. ನಮ್ಮಲ್ಲಿ ಮಾದರಿ ಕಟ್ಟುವವರಿಗೆ ಬಹಳ ಪ್ರೀತಿಯ ಟೈಗರ್ ಮಾತ್ ವಿಮಾನವನ್ನೇ ತೆಗೆದುಕೊಳ್ಳಿ. ಡಿ ಹ್ಯಾವಿಲ್ಯಾಂಡ್ ಕಂಪನಿಯ ಈ ತರಬೇತಿ ವಿಮಾನ ಮೊದಲು ಹಾರಿದ್ದು 1931ರ ಅಕ್ಟೋಬರ್ 26ರಂದು. ನಮ್ಮ ವಾಯುಪಡೆಯಲ್ಲಿ ಅದರ ಜಾಗಕ್ಕೆ ಬಂದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2. ಟೈಗರ್ ಮಾತ್‌ನಲ್ಲಿ ಒಡಲಿನ ಕೆಳಗಿನಿಂದ ಹೊರಗಂಬದ ಮೇಲ್ತುದಿಗೆ ಓರೆಯಾಗಿ ಏರುವ ತಂತಿ ಹಾರುವಾಗ ರೆಕ್ಕೆ ಮೇಲಕ್ಕೆ ಮಡಚದಂತೆ ಹಿಡಿಯುತ್ತದೆ. ಅದು ಫ್ಲೈಯಿಂಗ್ ವೈರ್. ಅದಕ್ಕೆ ಎದುರಾಗಿ ಮೇಲಿನ ನಡುಭಾಗದಿಂದ ಹೊರಗಂಬದ ಬುಡಕ್ಕೆ ಇಳಿಯುವುದು ಲ್ಯಾಂಡಿಂಗ್ ವೈರ್. ನೆಲದಲ್ಲಿ ನಿಂತಾಗ, ಇಳಿದು ಕುಲುಕಿದಾಗ ರೆಕ್ಕೆಯ ಭಾರ ಹೊರುವುದು ಅದೇ.

ಮಾದರಿಯಲ್ಲಿ ರೆಕ್ಕೆಯ ಒಳಗೆ ಉದ್ದಕ್ಕೂ ದಪ್ಪ ಪಟ್ಟಿ (ಸ್ಪಾರ್) ಇಟ್ಟು ತಂತಿಯನ್ನು ತೋರಿಕೆಗೆ ಕಟ್ಟುವವರೂ ಇದ್ದಾರೆ. ತಪ್ಪೇನಲ್ಲ, ಆದರೆ ತೂಕ ಏರುತ್ತದೆ. ತಂತಿಗೇ ಕೆಲಸ ಕೊಟ್ಟರೆ ರೆಕ್ಕೆಯನ್ನು ಹೂವಿನಷ್ಟು ಹಗುರ ಮಾಡಬಹುದು. ನನಗೆ ಹಿಡಿಸುವುದು ಈ ದಾರಿಯೇ. ಇದಕ್ಕೆ ಮಲ್ಪೆಯ ಮೀನುಗಾರಿಕೆ ಸಾಮಾನಿನ ಅಂಗಡಿಯ ನೈಲಾನ್ ದಾರ ಬೇಡ, ಅದು ನಮ್ಮ ತೇವದ ಗಾಳಿಯಲ್ಲಿ ನೀರು ಹೀರಿ ಸಡಿಲವಾಗುತ್ತದೆ. ಗಾಳಕ್ಕೆ ಕಟ್ಟುವ ಹೆಣೆದ ಸ್ಟೀಲ್ ತಂತಿ ಸರಿಯಾಗಿ ನಿಲ್ಲುತ್ತದೆ. ಒಂದು ಬದಿಯನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಬದಿಗೆ ಹೋದರೆ ರೆಕ್ಕೆ ಅಲ್ಲಿಗೇ ತಿರುಚಿತು. ಎದುರು ಬದುರು ತಂತಿಗಳನ್ನು ಸ್ವಲ್ಪ ಸ್ವಲ್ಪವೇ ಎಳೆಯಬೇಕು, ಪ್ರತಿ ಸಲ ಬಾಲದ ಕಂಬದಿಂದ ಎಡ ತುದಿಗೂ ಬಲ ತುದಿಗೂ ದಾರ ಹಿಡಿದು ಅಳೆಯಬೇಕು. ಎರಡೂ ಅಳತೆ ಒಂದೇ ಬಂದ ಮೇಲಷ್ಟೇ ಗಂಟಿಗೆ ಅಂಟು.

ಇನ್ನೊಂದು ದೊಡ್ಡ ತಪ್ಪು ಕಲ್ಪನೆ ಅಳತೆಯದು. "ಆರನೇ ಒಂದು ಗಾತ್ರ ಅಂದರೆ ಎಲ್ಲವನ್ನೂ ಆರರಿಂದ ಭಾಗಿಸಿದರಾಯಿತು." ಉದ್ದಕ್ಕೆ ಸರಿ. ಟೈಗರ್ ಮಾತ್‌ನ ರೆಕ್ಕೆ ತುದಿಯಿಂದ ತುದಿಗೆ 8.94 ಮೀಟರ್, ಮಾದರಿಯಲ್ಲಿ ಅದು 149 ಸೆಂಟಿಮೀಟರ್. ತೂಕಕ್ಕೂ ಅದೇ ಲೆಕ್ಕ ಹಾಕಿದರೆ 828 ಕಿಲೋದ ವಿಮಾನದ ಮಾದರಿ 138 ಕಿಲೋ ಆಗಬೇಕಾಗುತ್ತದೆ! ಉದ್ದ ಆರು ಪಟ್ಟು ಇಳಿದಾಗ ರೆಕ್ಕೆಯ ವಿಸ್ತೀರ್ಣ 36 ಪಟ್ಟು ಇಳಿಯುತ್ತದೆ, ಘನಗಾತ್ರ 216 ಪಟ್ಟು, ಅದರ ಜೊತೆಗೇ ತೂಕವೂ. ಹಾಗಾಗಿ ನಿಜ ವಿಮಾನದ ನಡೆಯೇ ಮಾದರಿಗೂ ಬರಬೇಕಾದರೆ ತೂಕ 4 ಕಿಲೋದ ಒಳಗೆ ನಿಲ್ಲಬೇಕು. ಅಂಟಿನ ಒಂದು ಹನಿ, ಬಣ್ಣದ ಒಂದು ಕೈ ಕೂಡ ಲೆಕ್ಕಕ್ಕೆ ಬರುವುದು ಇಲ್ಲಿ.

ಗಾಳಿಯನ್ನಂತೂ ಭಾಗಿಸಲು ಆಗದು. ಚಿಕ್ಕ ರೆಕ್ಕೆಗೆ ಅದೇ ಗಾಳಿ ಹೆಚ್ಚು ಜಿಗುಟಾಗಿ ವರ್ತಿಸುತ್ತದೆ. ಇದಕ್ಕಾಗಿಯೇ ಹಾರುವ ಮಾದರಿ ಕಟ್ಟುವ ಅನುಭವಿಗಳು ಬಾಲದ ರೆಕ್ಕೆಯನ್ನು ಅಳತೆಗಿಂತ ಕೊಂಚ ದೊಡ್ಡದು ಮಾಡುವುದುಂಟು. ಅಳತೆ ಕೆಟ್ಟಿತೆಂದು ಅದನ್ನು ಹಳಿಯುವವರು ಹಾರಿಸಿ ನೋಡಿದವರಲ್ಲ.

ಚಿತ್ರ ನೋಡಿ ಕಟ್ಟಬಹುದು ಎನ್ನುವವರಿಗೆ ಒಂದು ಮಾತು. ಓರೆಯಾಗಿ ತೆಗೆದ ಫೋಟೋದಲ್ಲಿ ಹತ್ತಿರದ ರೆಕ್ಕೆ ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದೆ. ಅದರ ಮೇಲೆ ಸ್ಕೇಲ್ ಇಟ್ಟು ಅಳೆಯುವಂತಿಲ್ಲ. ಮೇಲಿನಿಂದ, ಬದಿಯಿಂದ, ಎದುರಿನಿಂದ ಬರೆದ ಮೂರು ನೋಟದ ನಕ್ಷೆ ಬೇಕು. ಫೋಟೋ ಬೇಕಾಗುವುದು ವಿವರಕ್ಕೆ. ಟೈಗರ್ ಮಾತ್‌ಗೆ ವಿಮಾನವನ್ನು ಎಡಬಲಕ್ಕೆ ವಾಲಿಸುವ ಏಲರಾನ್ ಇರುವುದು ಕೆಳಗಿನ ರೆಕ್ಕೆಯಲ್ಲಿ ಮಾತ್ರ, ಹೊಸಬರು ನಾಲ್ಕೂ ಕಡೆ ಇಟ್ಟುಬಿಡುತ್ತಾರೆ. ಮೇಲಿನ ರೆಕ್ಕೆಯ ನಡುವೆ ಉಬ್ಬಿದಂತಿರುವುದು ಪೆಟ್ರೋಲ್ ಟ್ಯಾಂಕ್. ರೆಕ್ಕೆಗಳು ಹಿಂದಕ್ಕೆ ವಾಲಿರುವುದು ಅಂದಕ್ಕೂ ಅಲ್ಲ, ವೇಗಕ್ಕೂ ಅಲ್ಲ. ಮುಂದಿನ ಸೀಟಿನವನು ಪ್ಯಾರಾಶೂಟ್ ಕಟ್ಟಿಕೊಂಡು ಹೊರಬೀಳಲು ದಾರಿಯಾಗಲೆಂದು ಮೇಲಿನ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಅದರಿಂದ ಕೆಟ್ಟ ಸಮತೋಲ ಸರಿಪಡಿಸಲು ರೆಕ್ಕೆಗಳನ್ನು ಹಿಂದಕ್ಕೆ ವಾಲಿಸಿದರು.

ಕೊಂಚ ದಾರಿ ತಪ್ಪಿದರೂ ಇದನ್ನು ಹೇಳಬೇಕು. ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬಯಿಗೆ ಟಪಾಲು ತಂದ ವಿಮಾನ ಬೈಪ್ಲೇನ್ ಎಂದು ಹಲವರು ನಂಬಿದ್ದಾರೆ. ಅದು ಪುಸ್ ಮಾತ್. ಹೆಸರಿನಲ್ಲಿ ಮಾತ್ ಇದ್ದರೂ ಒಂದೇ ರೆಕ್ಕೆಯದು, ಮುಚ್ಚಿದ ಕ್ಯಾಬಿನ್ನಿನದು. 

"ಇದಕ್ಕೆಲ್ಲ ಫಾರಿನ್ ಸಾಮಾನು ಬೇಕು, ಮೆಷಿನ್ ಬೇಕು, ಹಳ್ಳಿಯಲ್ಲಿ ಆಗುವ ಕೆಲಸವಲ್ಲ." ಇದು ನನಗೆ ಹೆಚ್ಚು ನೋವು ಕೊಡುವ ನಂಬಿಕೆ, ಏಕೆಂದರೆ ಇದನ್ನು ಕೇಳಿಯೇ ಎಷ್ಟೋ ಮಕ್ಕಳು ಕೈ ಬಿಡುತ್ತಾರೆ. ಮಾದರಿಗೆ ಬಳಸುವ ಬಾಲ್ಸಾ ಮರ ಹೊರಗಿನಿಂದ ಬರುವುದು ನಿಜ, ಅದರಷ್ಟು ಹಗುರ ಮರ ನಮ್ಮಲ್ಲಿ ಇಲ್ಲ. ಆಟಿ ಅಮಾವಾಸ್ಯೆಯ ಕಷಾಯಕ್ಕೆ ತೊಗಟೆ ಕೊಡುವ ಪಾಲೆ ಮರ ಮೆದುವೇ, ಆದರೆ ಬಾಲ್ಸಾಕ್ಕಿಂತ ದುಪ್ಪಟ್ಟಿಗೂ ಹೆಚ್ಚು ಭಾರ. ರೆಕ್ಕೆಗೆ ಆಕಾರ ಕೊಡುವ ರಿಬ್‌ಗೆ ಅದು ಬೇಡ, ಮೂತಿಯ ಭಾಗ ಕೆತ್ತಿ ಒಳಗೆ ಟೊಳ್ಳು ಮಾಡಲು ಚೆನ್ನ. ಅಲ್ಲಿ ಹೇಗೂ ಭಾರ ಬೇಕು. ರೆಕ್ಕೆಯ ದುಂಡು ತುದಿಗೆ ಬಿದಿರಿನ ಸೀಳಿಗಿಂತ ಒಳ್ಳೆಯದು ನಾನು ಕಂಡಿಲ್ಲ: ನೀರಲ್ಲಿ ನೆನೆಸಿ, ಬಿಸಿಗೆ ಹಿಡಿದು ಬಾಗಿಸಿದರೆ ಆಕಾರ ಬಿಡುವುದಿಲ್ಲ. ದೀಪಾವಳಿಗೆ ಮನೆಯಲ್ಲೇ ಗೂಡುದೀಪ ಕಟ್ಟುವವರಿಗೆ ಬಿದಿರಿನ ಚೌಕಟ್ಟಿಗೆ ತೆಳು ಕಾಗದವನ್ನು ಸುಕ್ಕಿಲ್ಲದೆ ಅಂಟಿಸುವುದು ಗೊತ್ತು. ರೆಕ್ಕೆಗೆ ಟಿಶ್ಯೂ ಕಾಗದ ಹೊದಿಸುವುದೂ ಅದೇ ಕೈಕೆಲಸ. ಮಿಯ್ಯಾರಿನ ಸಿ.ಇ. ಕಾಮತ್ ಸಂಸ್ಥೆಯಲ್ಲಿ ಕಲ್ಲು, ಮರ ಕೆತ್ತಲು ಕಲಿಸುತ್ತಾರೆ, ಅಲ್ಲಿಯ ಹುಡುಗರ ಉಳಿಯ ಹಿಡಿತ ನೋಡಿದವರು ಇಲ್ಲಿ ಕೈಚಳಕಕ್ಕೆ ಬರ ಎನ್ನಲಾರರು. ಉಳಿದಂತೆ ಬೇಕಾಗುವುದು ಹರಿತ ಬ್ಲೇಡು, ಗುಂಡುಪಿನ್ನು, ಮರಳು ಕಾಗದ, ಫೆವಿಕಾಲ್, ಎಳ್ಳಷ್ಟೂ ಬಾಗಿರದ ಒಂದು ಹಲಗೆ.

ನಮ್ಮೂರಿಗೆ ನಿಜವಾದ ತೊಡಕು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಿಶ್ಯೂ ಮೇಲೆ ಅದನ್ನು ಬಿಗಿಗೊಳಿಸುವ ಡೋಪ್ ದ್ರವ ಬಳಿದರೆ ಮೇಲ್ಮೈ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಡೋಪ್ ಹಾಳಾಗಿದೆ ಎಂದು ಅಂಗಡಿಯವನನ್ನು ಬೈಯುತ್ತಾರೆ. ಅದು ಹಾಳಾಗಿಲ್ಲ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಇಬ್ಬನಿಯಂತೆ ಕೂರುತ್ತದೆ. ನಿಧಾನ ಆರುವ ಥಿನ್ನರ್ ಬೆರೆಸಬೇಕು, ಇಲ್ಲವೇ ಬಿಸಿಲಿನ ದಿನಕ್ಕೆ ಕಾಯಬೇಕು. ಬಳಿದ ರೆಕ್ಕೆಯನ್ನು ಹಲಗೆಗೆ ಪಿನ್ ಹೊಡೆದು ಆರಲು ಬಿಡಬೇಕು, ಬಿಗಿಯುವ ಟಿಶ್ಯೂ ಇಲ್ಲದಿದ್ದರೆ ರೆಕ್ಕೆಯನ್ನೇ ತಿರುಚುತ್ತದೆ. ಚೌಕಟ್ಟು, ರಿಬ್, ಅಂಟಿನ ಕೆಲಸ ಮಳೆಗಾಲಕ್ಕೆ ಇಟ್ಟುಕೊಂಡು ಹೊದಿಕೆಯನ್ನು ನವೆಂಬರಿಗೆ ಹಾಕುವುದು ಇಲ್ಲಿಯವರಿಗೆ ಸರಿಹೋಗುವ ಕ್ರಮ.

ಸಮತೋಲದ ಬಿಂದುವನ್ನು ಮೇಲಿನ ರೆಕ್ಕೆಯಿಂದಲೇ ಅಳೆಯುವುದು ಮತ್ತೊಂದು ರೂಢಿ. ಟೈಗರ್ ಮಾತ್‌ನಂತೆ ಮೇಲಿನದು ಮುಂದೆ, ಕೆಳಗಿನದು ಹಿಂದೆ ಇರುವಲ್ಲಿ ಎರಡರ ಸರಾಸರಿ ಹಿಡಿಯಬೇಕು.

"ಮನೆಯಲ್ಲೇ ಮಾಡಿದ್ದು, ಡ್ರೋನ್ ಅಲ್ಲ, ಎಲ್ಲಿ ಬೇಕಾದರೂ ಹಾರಿಸಬಹುದು" ಎನ್ನುವುದೂ ತಪ್ಪು. 2021ರ ಡ್ರೋನ್ ನಿಯಮಗಳು ರಿಮೋಟ್ ಹಿಡಿದು ಹಾರಿಸುವ ಮಾದರಿ ವಿಮಾನಕ್ಕೂ ಅನ್ವಯಿಸುತ್ತವೆ. ಅದಕ್ಕೆ ಟೈಪ್ ಸರ್ಟಿಫಿಕೇಟ್ ಬೇಡ ಎಂಬ ವಿನಾಯಿತಿ ಇದೆ, ಆದರೆ ಹಾರಿಸುವವನ ಕಣ್ಣಳತೆ ದಾಟಬಾರದು. ಹಾರಿಸುವ ಜಾಗ ಯಾವ ವಲಯದಲ್ಲಿದೆ ಎಂದು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನೋಡಿಕೊಳ್ಳಬೇಕು. ಕೊಯ್ಲು ಮುಗಿದ ಗದ್ದೆಯಾದರೆ ಯಜಮಾನರನ್ನು ಕೇಳಿಕೊಂಡು ಬೆಳಗ್ಗೆಯೇ ಇಳಿಯಿರಿ. ಹೊತ್ತೇರಿ ಕಡಲ ಗಾಳಿ ಬೀಸತೊಡಗಿತೆಂದರೆ ಇಷ್ಟು ಹಗುರದ ಬೈಪ್ಲೇನನ್ನು ಇಳಿಸುವುದು ಪಳಗಿದವರಿಗೂ ಕಷ್ಟ.