ಸೀಟಿಗೂ ನಿರಿಗೆ



ಸೀರೆಗೆ ನಿರಿಗೆ ಹಿಡಿಯೋದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಕಣ್ಣು ಮುಚ್ಚಿ ಹಿಡಿಯುತ್ತೇವೆ. ಗಜಗಟ್ಟಲೆ ಬಟ್ಟೆ ಒಂದು ಗೇಣಿನೊಳಗೆ ಅಡಗುತ್ತದೆ. ಅಷ್ಟು ಬಟ್ಟೆ ಎಲ್ಲಿ ಹೋಯಿತು? ನಿರಿಗೆ ನುಂಗಿತು.

ಕಾರಿನ ಸೀಟಿಗೂ ನಿರಿಗೆ ಇರುತ್ತದೆ. ನೀವೂ ನೋಡಿರಬಹುದು. ಸೀಟಿನ ನಡುವೆ ಉದ್ದುದ್ದ ಪಟ್ಟೆಗಳು ಇರುತ್ತವೆ. ಒಂದೊಂದು ಪಟ್ಟೆಯೂ ಮೆತ್ತಗೆ ಉಬ್ಬಿರುತ್ತದೆ. ಉತ್ತ ಹೊಲದ ಸಾಲಿನ ಹಾಗೆ ಕಾಣುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟು ಹೊದಿಕೆಯ ಅಂಗಡಿಗಳು ಬಹಳ ಇವೆ. ಸಣ್ಣ ಪೇಟೆಗಳಲ್ಲೂ ಕಾರು, ಆಟೋ ಸೀಟು ಹೊಲಿಯುವವರು ಇದ್ದಾರೆ. ಬಟ್ಟೆ ಹೊಲಿಯಲು ಬರುವ ಹೆಂಗಸರು ಈ ಕೆಲಸವನ್ನೂ ಕಲಿಯಬಹುದು. ನಾವು ಕಲಿತದ್ದು ಹೀಗೆ.

ನಮ್ಮ ಮೊದಲ ತಪ್ಪು

ಆಗ ನಮಗೆ ಟೇಪಿನ ಅಂಕಿ ಓದಲು ಬರುತ್ತಿರಲಿಲ್ಲ. ದಾರಕ್ಕೆ ಗಂಟು ಹಾಕಿ ಅಳೆಯುತ್ತಿದ್ದೆವು. ಸೀಟು ಎಷ್ಟು ಅಗಲ ಇತ್ತೋ ಅಷ್ಟೇ ಅಗಲ ರೆಕ್ಸಿನ್ ಕತ್ತರಿಸಿದೆವು. ಹತ್ತು ಪಟ್ಟೆ ಹೊಲಿದೆವು. ಸೀಟಿನ ಮೇಲೆ ಇಟ್ಟು ನೋಡಿದರೆ ಮೂರು ಇಂಚು ಕಮ್ಮಿ! ಎಳೆದರೂ ಬರಲಿಲ್ಲ.

ಬಿಚ್ಚಿ ಹೊಲಿಯೋಣ ಅಂದುಕೊಂಡೆವು. ಅದೂ ಆಗಲಿಲ್ಲ. ಹತ್ತಿ ಬಟ್ಟೆಯಲ್ಲಿ ಸೂಜಿಯ ತೂತು ಮುಚ್ಚಿಹೋಗುತ್ತದೆ. ರೆಕ್ಸಿನ್‌ನಲ್ಲಿ ಹಾಗೇ ಉಳಿಯುತ್ತದೆ. ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಹಾಗೆ. ರೆಕ್ಸಿನ್ ಗಿರಾಕಿಯದು. ದುಡ್ಡು ನಾವೇ ಕಟ್ಟಿಕೊಟ್ಟೆವು. ವಾರದ ದುಡಿಮೆ ಹೋಯಿತು.

ದಾರದ ಗಂಟು ಸೀಟಿನ ಅಗಲ ಹೇಳಿತು. ನಿರಿಗೆ ನುಂಗುವ ಬಟ್ಟೆಯ ಲೆಕ್ಕ ಹೇಳಲಿಲ್ಲ. ಆ ಲೆಕ್ಕವನ್ನು ಬರೆದೇ ಮಾಡಬೇಕು.

ಲೆಕ್ಕ ಹೀಗೆ

ಸೀಟಿನ ನಡುಭಾಗ 20 ಇಂಚು ಅಗಲ ಇದೆ ಅನ್ನಿ. ಒಂದೊಂದು ಪಟ್ಟೆ 2 ಇಂಚು. ಹಾಗಾದರೆ 10 ಪಟ್ಟೆ. ಹತ್ತು ಪಟ್ಟೆಗೆ ನಡುವೆ ಎಷ್ಟು ಹೊಲಿಗೆ? 9. ಬೆರಳು ಎಣಿಸಿ ನೋಡಿ. ಐದು ಬೆರಳಿನ ನಡುವೆ ನಾಲ್ಕೇ ಸಂದು.

ಒಂದು ಮಡಿಕೆ ಕಾಲು ಇಂಚು ರೆಕ್ಸಿನ್ ನುಂಗುತ್ತದೆ. 9 ಮಡಿಕೆಗೆ ಎರಡೂಕಾಲು ಇಂಚು. ಎರಡು ಅಂಚಿಗೆ ಅರ್ಧ ಅರ್ಧ ಇಂಚು, ಅಂದರೆ 1 ಇಂಚು.

20 + 2¼ + 1 = 23¼ ಇಂಚು.

ಕೈಗೆ ಇರಲಿ ಅಂತ ಇನ್ನೂ ಸ್ವಲ್ಪ ಸೇರಿಸಿ 25 ಇಂಚು ಕತ್ತರಿಸಬೇಕು. ಹೆಚ್ಚಾದರೆ ಕೊನೆಗೆ ಕತ್ತರಿಸಬಹುದು. ಕಮ್ಮಿಯಾದರೆ ಅಂಟಿಸೋಕಾಗಲ್ಲ.

ಹೊಲಿಯುವ ಕ್ರಮ

ಅರ್ಧ ಇಂಚು ದಪ್ಪದ ಸ್ಪಂಜು ತೆಗೆದುಕೊಳ್ಳಿ. 22 ಇಂಚು ಅಗಲ ಕತ್ತರಿಸಿ. ಅದರ ಕೆಳಗೆ ತೆಳು ಬಟ್ಟೆ ಇರಬೇಕು. ಬಟ್ಟೆ ಇಲ್ಲದಿದ್ದರೆ ದಾರವೇ ಸ್ಪಂಜನ್ನು ಕೊಯ್ಯುತ್ತದೆ.

ಸ್ಪಂಜಿನ ಮೇಲೆ 2 ಇಂಚಿಗೆ ಒಂದರಂತೆ 9 ಗೆರೆ ಎಳೆಯಿರಿ. ರೆಕ್ಸಿನ್‌ನ ಹಿಂಬದಿಯಲ್ಲಿ ಎರಡೂಕಾಲು ಇಂಚಿಗೆ ಒಂದರಂತೆ 9 ಗೆರೆ ಎಳೆಯಿರಿ. ಎರಡರಲ್ಲೂ ನಡುವಿನಿಂದ ಶುರುಮಾಡಿ ಎರಡು ಕಡೆಗೂ ಎಳೆಯಬೇಕು. ಸೀಮೆಸುಣ್ಣ ಅಥವಾ ಪೆನ್ಸಿಲ್ ಸಾಕು. ಬಾಲ್‌ಪೆನ್ ಬೇಡ. ಅದರ ಮಸಿ ಕ್ರಮೇಣ ಮೇಲಕ್ಕೆ ಇಳಿದು ಕಲೆ ಆಗಬಹುದು.

ಈಗ ರೆಕ್ಸಿನ್ ಅನ್ನು ಸ್ಪಂಜಿನ ಮೇಲೆ ಹಾಸಿ. ಎಡಗಡೆಯ ಮೊದಲ ಗೆರೆಯಲ್ಲಿ ಮಡಚಿ. ಹೊಳೆಯುವ ಮುಖಕ್ಕೆ ಹೊಳೆಯುವ ಮುಖ ತಾಗಬೇಕು. ಮಡಿಕೆಯನ್ನು ಸ್ಪಂಜಿನ ಮೊದಲ ಗೆರೆಯ ಮೇಲೆ ಇಡಿ. ಮಡಿಕೆಯ ಅಂಚಿನಿಂದ ಅರೆಕಾಲು ಇಂಚು ಒಳಗೆ ಹೊಲಿಯಿರಿ. ಇಂಚಿನ ಎಂಟು ಭಾಗದಲ್ಲಿ ಒಂದು ಭಾಗ ಅಂದರೆ ಅರೆಕಾಲು. ಹೊಲಿಗೆ ಸ್ಪಂಜಿನ ಗೆರೆಯ ಮೇಲೇ ಬೀಳಬೇಕು. ಆಮೇಲೆ ರೆಕ್ಸಿನ್ ಅನ್ನು ಬಲಕ್ಕೆ ತಿರುವಿ ಹಾಕಿ. ಹೊಲಿಗೆ ಒಳಗೆ ಮರೆಯಾಗುತ್ತದೆ. ಪಟ್ಟೆ ಉಬ್ಬಿ ನಿಲ್ಲುತ್ತದೆ. ಮುಂದಿನ ಗೆರೆಗೂ ಹೀಗೇ ಮಾಡಿ.

ಪ್ರತಿ ಸಾಲನ್ನೂ ಮೇಲಿನಿಂದ ಕೆಳಕ್ಕೇ ಹೊಲಿಯಬೇಕು. ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಹೊಲಿದರೆ ಪಟ್ಟೆ ಸೊಟ್ಟಗಾಗುತ್ತದೆ. ಎಲ್ಲ ಮುಗಿದ ಮೇಲೆ ಅಂಚು ಸೇರಿಸಿ 21 ಇಂಚಿಗೆ ಕತ್ತರಿಸಿ.

ಇವನ್ನು ಮರೆಯಬೇಡಿ

ಹತ್ತಿ ದಾರ ಬೇಡ. ಬೆವರು, ಬಿಸಿಲಿಗೆ ಅದು ಬೇಗ ಹಾಳಾಗುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರ್ ದಾರ ಹಾಕಿ.

ಸೂಜಿ ದಪ್ಪದ್ದಿರಲಿ. 16 ಅಥವಾ 18 ನಂಬರಿನದು ಆಗುತ್ತದೆ. ಹೊಲಿಗೆ ತೀರಾ ಒತ್ತಾಗಿ ಬೀಳಬಾರದು. ತೂತುಗಳು ಹತ್ತಿರವಾದರೆ ರೆಕ್ಸಿನ್ ಅಲ್ಲೇ ಹರಿಯುತ್ತದೆ. ಇಂಚಿಗೆ 6ರಿಂದ 8 ಹೊಲಿಗೆ ಸಾಕು. ಮನೆಯ ಸಣ್ಣ ಮೆಷಿನ್ ಎಳೆಯದಿದ್ದರೆ ಬಲವಂತ ಮಾಡಬೇಡಿ. ಇದಕ್ಕೆ ಗಟ್ಟಿ ಮೆಷಿನ್ ಬೇಕು.

ಗುಂಡುಪಿನ್ನು ಚುಚ್ಚಬೇಡಿ. ಅದರ ತೂತೂ ಉಳಿಯುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿದರೆ ಸಾಕು.

ಸ್ಪಂಜು ಅಂಟಿಸುವ ಗೋಂದಿಗೆ ಬೇಗ ಬೆಂಕಿ ಹತ್ತುತ್ತದೆ. ಅದರ ವಾಸನೆಗೆ ತಲೆ ಸುತ್ತುತ್ತದೆ. ಒಲೆಯ ಹತ್ತಿರ ಅಂಟಿಸಬೇಡಿ. ಕಿಟಕಿ ಬಾಗಿಲು ತೆಗೆದಿಡಿ. ಮಕ್ಕಳನ್ನು ದೂರ ಇಡಿ.

ಇನ್ನೊಂದು ದೊಡ್ಡ ಮಾತು. ಕೆಲವು ಕಾರುಗಳಲ್ಲಿ ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇರುತ್ತದೆ. ಅಂದರೆ ಗಾಳಿಚೀಲ. ಅಲ್ಲಿ ಸಣ್ಣ ಚೀಟಿ ಹೊಲಿದಿರುತ್ತಾರೆ. ಕಾರು ಡಿಕ್ಕಿ ಹೊಡೆದಾಗ ಆ ಚೀಲ ಸೀಟಿನ ಪಕ್ಕದಿಂದ ಹೊರಗೆ ಉಬ್ಬಿ ಜೀವ ಕಾಯುತ್ತದೆ. ಅದರ ಮೇಲೆ ನಾವು ಬಿಗಿಯಾಗಿ ಹೊಲಿದುಬಿಟ್ಟರೆ ಚೀಲ ಸರಿಯಾಗಿ ಬಿಚ್ಚಿಕೊಳ್ಳದೆ ಹೋಗಬಹುದು. ಆದ್ದರಿಂದ ಮೊದಲು ಚೀಟಿ ನೋಡಿ. ಇದ್ದರೆ ಆ ಪಕ್ಕವನ್ನು ಮುಚ್ಚಬೇಡಿ. ಗಿರಾಕಿ ಹೇಳಿದರೂ ಬೇಡ.

ಪುಸ್ತಕದಲ್ಲಿ ಬರೆದಿಡಿ

ಕೆಲಸ ಒಪ್ಪುವ ಮೊದಲು ಕೂಲಿ ಮಾತಾಡಿ. ಎಷ್ಟು ಸೀಟು? ಸೀಟಿಗೆ ಎಷ್ಟು ಪಟ್ಟೆ? ದಾರ ಯಾರದು? ರೆಕ್ಸಿನ್ ಎಷ್ಟು ಕೊಟ್ಟರು? ಎಲ್ಲ ಬರೆದಿಡಿ. ಪಟ್ಟೆ ಹೆಚ್ಚಾದರೆ ಹೊಲಿಗೆ ಹೆಚ್ಚು. ಹೊಲಿಗೆ ಹೆಚ್ಚಾದರೆ ಕೂಲಿಯೂ ಹೆಚ್ಚಬೇಕು. ಬಾಯಿಮಾತು ಮರೆತುಹೋಗುತ್ತದೆ. ಬರೆದದ್ದು ಉಳಿಯುತ್ತದೆ.

ಆ ಹಳೆಯ ಗಂಟಿನ ದಾರ ನಮ್ಮ ಮೆಷಿನ್ ಪೆಟ್ಟಿಗೆಯಲ್ಲಿ ಈಗಲೂ ಇದೆ. ಆದರೆ ಈಗ ಅಳೆಯೋದು ಟೇಪಿನಲ್ಲಿ. ಲೆಕ್ಕ ಬರೆಯದೆ ಕತ್ತರಿ ಮುಟ್ಟುವುದಿಲ್ಲ.

ನೀವೇ ಲೆಕ್ಕ ಮಾಡಿ

ಸೀಟಿನ ನಡುಭಾಗ 16 ಇಂಚು. ಪಟ್ಟೆ 2 ಇಂಚು. ಒಂದು ಮಡಿಕೆಗೆ ಕಾಲು ಇಂಚು. ಎರಡು ಅಂಚಿಗೆ ಸೇರಿ 1 ಇಂಚು. ಪಟ್ಟೆ ಎಷ್ಟು? ನಡುವೆ ಹೊಲಿಗೆ ಎಷ್ಟು? ಕಡಿಮೆ ಎಂದರೆ ಎಷ್ಟು ಇಂಚು ರೆಕ್ಸಿನ್ ಬೇಕು?

ಉತ್ತರ: 8 ಪಟ್ಟೆ. 7 ಹೊಲಿಗೆ. 18¾ ಇಂಚು.