ಸಮಾಜದ ನಾಳೆಗೆ ಗಣಿತ ಉಂಟೇ?

ಪ್ರಶ್ನೆ: ಐಸಾಕ್ ಅಸಿಮೋವ್ ಕಲ್ಪಿಸಿದ ‘ಸೈಕೋಹಿಸ್ಟರಿ’ ನಿಜವಾಗಬಲ್ಲದೇ?

ಉತ್ತರ: ಸ್ವಲ್ಪಮಟ್ಟಿಗೆ ಆಗಿದೆ. 1942ರಿಂದ ಪ್ರಕಟವಾದ ‘ಫೌಂಡೇಶನ್’ ಕಥೆಗಳಲ್ಲಿ ಗಣಿತಜ್ಞ ಹ್ಯಾರಿ ಸೆಲ್ಡನ್ ಈ ಸೈಕೋಹಿಸ್ಟರಿಯಿಂದ ಲೆಕ್ಕ ಹಾಕುವುದು ಒಬ್ಬ ವ್ಯಕ್ತಿಯ ನಡೆಯನ್ನಲ್ಲ, ಅಸಂಖ್ಯ ಜನರ ಒಟ್ಟು ನಡೆಯನ್ನು. ಅನಿಲದ ಒಂದೊಂದು ಅಣುವಿನ ದಾರಿ ತಿಳಿಯದಿದ್ದರೂ ಒಟ್ಟು ಒತ್ತಡವನ್ನು ಹೇಳಬಹುದಲ್ಲ, ಹಾಗೆ.

ನಿಜ ಜಗತ್ತಿನಲ್ಲಿ ಇಂಥ ಪ್ರಯತ್ನ ಮಾಡಿದ ವಿಜ್ಞಾನಿ ಪೀಟರ್ ಟರ್ಚಿನ್ ಮೊದಲು ಪ್ರಾಣಿಗಳ ಸಂಖ್ಯೆಯ ಏರಿಳಿತ ಅಭ್ಯಾಸ ಮಾಡಿದವರು. ಅದೇ ಬಗೆಯ ಗಣಿತವನ್ನು ಇತಿಹಾಸಕ್ಕೆ ಹಚ್ಚಿ ‘ಕ್ಲಿಯೋಡೈನಮಿಕ್ಸ್’ ಎಂಬ ಶಾಖೆ ಕಟ್ಟಿದರು. ದುಡಿಯುವವರ ಆದಾಯ ಕುಗ್ಗುವುದು, ಸರ್ಕಾರದ ಸಾಲ ಬೆಳೆಯುವುದು, ಇರುವ ಅಧಿಕಾರದ ಸ್ಥಾನಗಳಿಗಿಂತ ಆಕಾಂಕ್ಷಿಗಳೇ ಹೆಚ್ಚುವುದು ಅವರ ಮುಖ್ಯ ಸೂಚಕಗಳು. ಇವುಗಳ ಆಧಾರದಲ್ಲಿ, ಮುಂದಿನ ದಶಕದಲ್ಲಿ ಅಮೆರಿಕ ಅಶಾಂತವಾಗಲಿದೆ ಎಂದು 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎಚ್ಚರಿಸಿದ್ದರು.

2021ರ ಜನವರಿ 6ರಂದು ಅಲ್ಲಿನ ಸಂಸತ್ ಭವನಕ್ಕೇ ಗುಂಪು ನುಗ್ಗಿತು.

ಆದರೆ ಕೋವಿಡ್‌ನಂಥ ಆಘಾತ ಆ ಲೆಕ್ಕದಲ್ಲಿರಲಿಲ್ಲ. ಸೆಲ್ಡನ್‌ನಂತೆ ಸಾವಿರ ವರ್ಷಗಳ ನಕ್ಷೆ ಬರೆಯುವ ಶಕ್ತಿ ಈ ವಿಜ್ಞಾನಕ್ಕೆ ಇಂದಿಗೂ ಇಲ್ಲ.