ಕೆರೆಯ ನೀರು ಮತ್ತು ಅಳತೆಯ ಹೊತ್ತು

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ನೀರನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ತರಲಾಯಿತು. ಅದೇ ಹೊಳೆಯ ಮೇಲ್ಭಾಗದಲ್ಲಿ, ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಪಟ್ಟಣದ ಕೊಳಚೆಯೂ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯವೂ ಸೇರುತ್ತಿವೆಯೆಂಬುದು ಗ್ರಾಮಸ್ಥರ ಬಹುಕಾಲದ ದೂರು. ಇಂತಹ ಕೆರೆಗೆ ಕ್ಷೇತ್ರಾಭ್ಯಾಸಕ್ಕಾಗಿ ಹೋಗುವ ಸ್ನಾತಕೋತ್ತರ ವಿದ್ಯಾರ್ಥಿಯು ಮೊದಲು ಗಮನಿಸಬೇಕಾದುದು ಅಳತೆಯ ಹೊತ್ತನ್ನು.

ಕೊಳಚೆಯ ಸಾರಜನಕ, ರಂಜಕಗಳಿಂದ ಪಾಚಿ ದಟ್ಟವಾಗಿ ಬೆಳೆದ ನೀರಿನಲ್ಲಿ ಹಗಲು ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕವು ಏರುತ್ತದೆ. ಇರುಳೆಲ್ಲ ಅದೇ ಪಾಚಿಯೂ ಬ್ಯಾಕ್ಟೀರಿಯಾಗಳೂ ಉಸಿರಾಡಿ ಅದನ್ನು ಬರಿದುಮಾಡುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ ಮೀನು ಬೆಳೆಯತಕ್ಕ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕವಿರಬೇಕು. ಮಧ್ಯಾಹ್ನ ಮೂರು ಗಂಟೆಗೆ ತುಂಬಿದ ಸೀಸೆಯು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ಅದೇ ಕೆರೆಯ ನಸುಕಿನ ಸೀಸೆಯು ಅನುತ್ತೀರ್ಣವಾಗಬಹುದು. ಎರಡು ಅಂಕಿಗಳೂ ನಿಜವೇ. ಆದರೆ ಮೀನು ಸಾಯುವುದು ಸಾಮಾನ್ಯವಾಗಿ ನಸುಕಿನಲ್ಲಿ. ಕಚೇರಿಗಳು ತೆರೆಯುವುದು ಹತ್ತು ಗಂಟೆಯ ಸುಮಾರಿಗೆ!

ಸೀಸೆಯಲ್ಲಿ ಗಾಳಿಗುಳ್ಳೆ ಉಳಿಯಕೂಡದು. ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರಯುಕ್ತ ಅಯೊಡೈಡನ್ನೂ ದಡದಲ್ಲಿಯೇ ಬೆರೆಸಿ ಆಮ್ಲಜನಕವನ್ನು ಸ್ಥಿರಗೊಳಿಸತಕ್ಕದ್ದು. ಕಾರ್ಖಾನೆಯಿಂದ ಬರಬಹುದಾದ ಭಾರಲೋಹಗಳನ್ನು ಈ ಪರೀಕ್ಷೆಯು ಕಾಣಲಾರದು. ಅವುಗಳಿಗೆ ನೈಟ್ರಿಕ್ ಆಮ್ಲ ಬೆರೆಸಿದ ಪ್ರತ್ಯೇಕ ಮಾದರಿ ಬೇಕು.

ಗ್ರಾಮ ಪಂಚಾಯತಿಯು ಮೇಲಧಿಕಾರಿಗಳಿಗೆ ಸಲ್ಲಿಸುವ ಮನವಿಗೆ ಇಂತಹ ದಾಖಲೆಯಿಂದಲೇ ಬಲ ಬರುತ್ತದೆ. ಮಾದರಿ ತೆಗೆದ ಸ್ಥಳ, ಆಳ, ಗಂಟೆ, ನೀರಿನ ಉಷ್ಣತೆ ಇವನ್ನು ನಮೂದಿಸಿದ ಪಟ್ಟಿಯನ್ನು ಲಗತ್ತಿಸಿ, ಸರ್ಕಾರಿ ಪರೀಕ್ಷೆಯೂ ಸೂರ್ಯೋದಯಕ್ಕೆ ಮುನ್ನ ಒಮ್ಮೆ ನಡೆಯಲೆಂದು ಕೋರುವುದು ನಿರಾಕರಿಸಲು ಕಷ್ಟವಾದ ಬೇಡಿಕೆ.